ಹಿತ್ತಿಲ ಗುಂಡಿ ಮತ್ತು ಹೊಲದ ಗೊಬ್ಬರ

ಮಲಮೂತ್ರಗಳ ವಿಚಾರವನ್ನು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎತ್ತುವುದು ಸಭ್ಯತೆಯೇ ಎಂದು ಕೆಲವು ಮಿತ್ರರು ಕೇಳಬಹುದು. ಬೇಸಾಯದ ಮನೆಯಿಂದ ಬಂದವರಿಗೆ ಸಗಣಿ, ಗಂಜಲಗಳು ಅಸಹ್ಯವಲ್ಲ. ನಮ್ಮ ಮುಳಬಾಗಿಲು ತಾಲ್ಲೂಕಿನಲ್ಲಿ ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ತಂಗಿಸಿದ್ದಕ್ಕೆ ಕುರಿಗಾಹಿಗೆ ದುಡ್ಡನ್ನೋ ದವಸವನ್ನೋ ಕೊಡುವುದುಂಟು. ಬೇಸಿಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಟ್ಟಲೆ ಹೊಡೆಸುವುದುಂಟು. ರಾಗಿ, ಹಿಪ್ಪುನೇರಳೆ, ಟೊಮೇಟೊ ಯಾವುದಕ್ಕಾದರೂ ಗೊಬ್ಬರವಿಲ್ಲದೆ ನಡೆಯದು. ಇಷ್ಟೆಲ್ಲ ಬಲ್ಲ ನಾವು ಮನುಷ್ಯನ ಮಲವೊಂದನ್ನು ಮಾತ್ರ ಲೆಕ್ಕದಿಂದ ಬಿಟ್ಟಿದ್ದೇವೆ. ಹೊಲದಿಂದ ಬಂದುದನ್ನು ರೋಗ ಹರಡದಂತೆ ಪಕ್ವಮಾಡಿ ಮರಳಿ ಹೊಲಕ್ಕೆ ಸೇರಿಸುವುದನ್ನೇ ತಜ್ಞರು ಪರಿಸರಸ್ನೇಹಿ ನೈರ್ಮಲ್ಯವೆಂದು ಕರೆಯುತ್ತಾರೆ. ಹೆಸರು ಹೊಸದಾದರೂ ಕೆಲಸ ಹೊಸದಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿಯೇ ಊರಿನ ಕಸವನ್ನೂ ಮಲವನ್ನೂ ಕಂದಕದಲ್ಲಿ ಪದರಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಕೆಲವು ತಿಂಗಳು ಕೊಳೆಯಲು ಬಿಟ್ಟು ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಇಂದಿಗೂ ಪಠ್ಯಗಳಲ್ಲಿ ಅದಕ್ಕೆ 'ಬೆಂಗಳೂರು ವಿಧಾನ' ಎಂದೇ ಹೆಸರು. ವಿಜ್ಞಾನದ ದೃಷ್ಟಿಯಿಂದ ಅದರಲ್ಲಿ ದೋಷ ಕಾಣದು. ಆದರೆ ಮಲವು ಮನೆಯ ಹಿಂಬಾಗಿಲಿನಿಂದ ಕಂದಕದವರೆಗೆ ತಾನಾಗಿ ನಡೆದುಹೋಗಲಿಲ್ಲವಲ್ಲ! ಅದನ್ನು ಬಕೆಟ್ಟಿನಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ಸಾಗಿಸಿದವರು ಒಂದೆರಡು ಜಾತಿಗಳ ಜನ. ಗೊಬ್ಬರದ ಲಾಭ ಹೊಲದವನಿಗೆ, ಮೈಲಿಗೆಯ ಹೆಸರು ಹೊತ್ತವನಿಗೆ.

ಇದು ದೂರದ ಕಥೆಯಲ್ಲ. ನಮ್ಮ ಜಿಲ್ಲೆಯ ಕೋಲಾರ ಚಿನ್ನದ ಗಣಿ ಪ್ರದೇಶದ ಕಾರ್ಮಿಕರ ವಸತಿಗಳಲ್ಲಿ ಒಣ ಪಾಯಿಖಾನೆಗಳಿದ್ದವು. ಅವನ್ನು ಕೈಯಿಂದ ಬಳಿಯುವವರೂ ಇದ್ದರು. ಅಂತಹ ಕುಟುಂಬವೊಂದರಲ್ಲಿ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ನರು ಮುಂದೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದವರಲ್ಲಿ ಒಬ್ಬರಾದರು. 2016ರಲ್ಲಿ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಕರ್ನಾಟಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿಯೇ ನಿಷೇಧಿಸಿದರು. ಸಂಸತ್ತಿನ ಕಾನೂನುಗಳು 1993ರಲ್ಲಿ ಒಂದು, 2013ರಲ್ಲಿ ಇನ್ನೊಂದು ಬಂದವು.

ಈ ಹಿನ್ನೆಲೆಯನ್ನು ಬಿಟ್ಟು ನಮ್ಮ ಹಳ್ಳಿಗಳ ಶೌಚಾಲಯಗಳನ್ನು ನೋಡಿದರೆ ಒಂದೂ ಅರ್ಥವಾಗದು. 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಮನೆಗೆ 12,000 ರೂಪಾಯಿ ಸಹಾಯಧನ ನಿಗದಿಯಾಯಿತು. ಅದರಲ್ಲಿ ಹೆಚ್ಚಾಗಿ ಶಿಫಾರಸು ಮಾಡಿದ್ದು ಜೋಡಿಗುಂಡಿಯ ಶೌಚಾಲಯ. ಮೂರು ನಾಲ್ಕು ಅಡಿ ಆಳದ ಎರಡು ಗುಂಡಿಗಳು. ಗೋಡೆಯಲ್ಲಿ ಕಿಂಡಿಗಳು, ತಳದಲ್ಲಿ ಬರಿ ಮಣ್ಣು. ಕವಲುತೊಟ್ಟಿಯಲ್ಲಿ ಒಂದು ದಾರಿಯನ್ನು ಮುಚ್ಚಿ ಒಂದೇ ಗುಂಡಿಯನ್ನು ಬಳಸಬೇಕು. ಐದಾರು ಜನರ ಮನೆಯಲ್ಲಿ ಅದು ತುಂಬಲು ಸುಮಾರು ಐದು ವರ್ಷ. ಆಮೇಲೆ ದಾರಿ ತಿರುಗಿಸಿ, ತುಂಬಿದ್ದನ್ನು ಒಂದೂವರೆಯಿಂದ ಎರಡು ವರ್ಷ ಮುಟ್ಟದೆ ಬಿಟ್ಟರೆ ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರ ಉಳಿಯುತ್ತದೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತೆಲಂಗಾಣದ ಗಂಗದೇವಿಪಲ್ಲಿಯಲ್ಲಿ ಅಂಥದೊಂದು ಗುಂಡಿಗೆ ತಾವೇ ಇಳಿದು ಗೊಬ್ಬರವನ್ನು ಎತ್ತಿ ತೋರಿಸಿದರು.

ನನ್ನ ಊರಿನಲ್ಲಿ ನಾನು ಕಂಡದ್ದು ಬೇರೆ. ಒಂದೇ ಗುಂಡಿ, ಹದಿನೈದು ಇಪ್ಪತ್ತು ಅಡಿ ಆಳ, ಸಿಮೆಂಟಿನ ರಿಂಗುಗಳು. "ಆಳ ತೆಗೆಸಿಬಿಡಿ, ಮಕ್ಕಳ ಕಾಲಕ್ಕೂ ಚಿಂತೆ ಇರಲ್ಲ" ಎನ್ನುತ್ತಾನೆ ಗಾರೆ ಕೆಲಸದವನು. ಖರ್ಚು ಹೆಚ್ಚು, ಬಂಡೆ ಸಿಕ್ಕಿದರೆ ಇನ್ನೂ ಹೆಚ್ಚು. ಆದರೂ ಅದನ್ನೇ ಆರಿಸುತ್ತಾರೆ. ಇದು ಅಜ್ಞಾನವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಗುಂಡಿ ತುಂಬುವ ದಿನ ಬರಲೇಬಾರದು ಎಂಬ ಲೆಕ್ಕಾಚಾರ ಅದರಲ್ಲಿದೆ. ತುಂಬಿದರೆ ಯಾರನ್ನು ಕರೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಕರೆದರೆ ಅಪರಾಧ ಎಂಬುದೂ ಈಗ ಗೊತ್ತು.

ಆಳದ ಗುಂಡಿಯಿಂದಾಗುವ ಕೇಡು ಕಣ್ಣಿಗೆ ಕಾಣದು. ನಮ್ಮದು ಕಲ್ಲುನೆಲ. ವರ್ಷವಿಡೀ ಹರಿಯುವ ನದಿ ಇಲ್ಲ, ಕುಡಿಯುವುದಕ್ಕೂ ಕೊಳವೆಬಾವಿಯೇ ಗತಿ. ಸಾವಿರ ಅಡಿ ಕೊರೆಸಿದರೂ ಹಲವು ಕಡೆ ಫ್ಲೋರೈಡಿನ ನೀರು. ಬಂಡೆಯ ಬಿರುಕುಗಳಲ್ಲಿ ಕೊಳೆನೀರು ಸೋಸದೆ ಇಳಿಯುತ್ತದೆ. ಜೋಡಿಗುಂಡಿಯೂ ಇದರಿಂದ ಪೂರ್ತಿ ಪಾರಲ್ಲ. ನಾವು ವಿಸರ್ಜಿಸುವ ಸಾರಜನಕದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲು ಮೂತ್ರದಲ್ಲಿದೆ. ಅದು ಮಣ್ಣಿಗಿಳಿದು ನೈಟ್ರೇಟ್ ಆಗಿ ಅಂತರ್ಜಲ ಸೇರಬಲ್ಲದು.

ಮೂತ್ರವನ್ನು ಮೊದಲೇ ಬೇರ್ಪಡಿಸುವ ಒಣ ಶೌಚಾಲಯ ಇದಕ್ಕೊಂದು ಉತ್ತರ. ನೆಲದ ಮೇಲೆ ಎರಡು ಕೋಣೆ. ಮಲದ ಮೇಲೆ ಪ್ರತಿಸಲ ಒಂದು ಹಿಡಿ ಬೂದಿ. ನೀರು ಸುರಿಯುವಂತಿಲ್ಲ, ತೊಳೆದುಕೊಳ್ಳಲು ಪ್ರತ್ಯೇಕ ಜಾಗ. ವಿಯೆಟ್ನಾಮಿನ ಹಳ್ಳಿಗಳಲ್ಲಿ 1950ರ ದಶಕದಿಂದಲೇ ಎರಡು ಕೋಣೆಯ ಕ್ರಮ ಬಳಕೆಗೆ ಬಂತು. ತಮಿಳುನಾಡಿನ ಮುಸಿರಿಯಲ್ಲಿ ಒಂದು ಬೀದಿಯ ಜನಕ್ಕೆಲ್ಲ ಸೇರಿ ಇಂತಹ ಶೌಚಾಲಯ ಕಟ್ಟಿ, ಬಳಸಿದವರಿಗೇ ಚಿಲ್ಲರೆ ಕಾಸು ಕೊಟ್ಟರು! ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬೇರ್ಪಡಿಸಿದ ಮೂತ್ರವನ್ನು ಮುಸುಕಿನ ಜೋಳಕ್ಕೂ ಬಾಳೆಗೂ ಹಾಕಿ ಪರೀಕ್ಷಿಸಿದ್ದಾರೆ. ಬಂಡೆಯ ಊರಿಗೆ, ನೀರಿಲ್ಲದ ಊರಿಗೆ ಇದಕ್ಕಿಂತ ಒಪ್ಪುವ ಕ್ರಮ ನನಗೆ ಕಾಣದು. ತೊಡಕೂ ಇದೆ: ಗ್ಯಾಸು ಬಂದಮೇಲೆ ಒಲೆಯ ಬೂದಿ ಕಡಿಮೆಯಾಗಿದೆ, ಒಣಮಣ್ಣನ್ನೋ ಮರದ ಹೊಟ್ಟನ್ನೋ ಕೂಡಿಡಬೇಕು. ನೀರು ಸುರಿಯುವ ನೆಂಟರಿಗೆ ತಿಳಿಹೇಳುವುದು ಬೇರೆ.

ಪಟ್ಟಣಗಳ ದಾರಿ ಬೇರೆ. ದೇವನಹಳ್ಳಿಯಲ್ಲಿ 2015ರಿಂದ, ಟ್ಯಾಂಕರುಗಳು ಹೀರಿ ತಂದ ಹೂಳನ್ನು ಸಂಸ್ಕರಿಸುವ ಘಟಕವಿದೆ. ಯಂತ್ರ ಹೀರಿದರೆ ಮನುಷ್ಯ ಗುಂಡಿಗಿಳಿಯಬೇಕಾಗಿಲ್ಲ.

ಹಳ್ಳಿಯಲ್ಲಿ ಯಂತ್ರವೇ ಬೇಕೆಂದಿಲ್ಲ. ಪಕ್ವವಾದ ಗೊಬ್ಬರವನ್ನು ಮನೆಯವರೇ ಎತ್ತಬಹುದು. ಕಾಲೇಜಿಗೆ ಬಂದವರಲ್ಲಿ ನಮ್ಮ ಮನೆಯಲ್ಲಿ ನಾನೇ ಮೊದಲಿಗ. ಜೋಡಿಗುಂಡಿಯ ವಿಚಾರವನ್ನು ವಿವರಿಸಿದಾಗ ತಂದೆಯವರು ಎಲ್ಲವನ್ನೂ ಕೇಳಿ, "ಎಲ್ಲ ಸರಿನಪ್ಪ, ಎತ್ತೋರು ಯಾರು?" ಎಂದರು. ಯಾವ ಪುಸ್ತಕವೂ ಇಷ್ಟು ನೇರವಾಗಿ ಕೇಳಿರಲಿಲ್ಲ. ಕಳೆದ ಯುಗಾದಿಗೆ ನಮ್ಮ ಮೊದಲ ಗುಂಡಿಯನ್ನು ಮುಚ್ಚಿ ದಾರಿ ತಿರುಗಿಸಿದೆವು. ಎರಡು ಯುಗಾದಿ ಕಳೆದಮೇಲೆ ತೆಗೆಯಬೇಕು. ಗುದ್ದಲಿ ಹಿಡಿಯುವವನು ನಾನೇ ಎಂದು ಅವರಿಗೆ ಹೇಳಿದ್ದೇನೆ. ಅವರು ಇನ್ನೂ ಏನೂ ಹೇಳಿಲ್ಲ. ಗೊಬ್ಬರವನ್ನು ಯಾವ ಹೊಲಕ್ಕೆ ಹಾಕುವುದೆಂದು ಮಾತ್ರ ಒಂದು ದಿನ ಕೇಳಿದರು.