ವಿದ್ಯುನ್ಮಂಡಲವೂ ಸಾಪೇಕ್ಷತಾವಾದವೂ

ಬೆಟ್ಟದ ಎತ್ತರವನ್ನು ಅಡಿಗಳಲ್ಲಿ ಹೇಳಿದರೂ ಮೀಟರುಗಳಲ್ಲಿ ಹೇಳಿದರೂ ಬೆಟ್ಟವು ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಅಂಕಿಗಳು ಮಾತ್ರ ಬದಲಾಗುತ್ತವೆ. ಬದಲಾಗುವ ಅಂಕಿಗಳ ಹಿಂದೆ ಬದಲಾಗದೆ ನಿಲ್ಲುವುದು ಯಾವುದು? ಇದನ್ನು ಅರಸುವ ಗಣಿತವೇ ಟೆನ್ಸರ್ ಕಲನ. ಇಟಲಿಯ ರಿಚ್ಚಿ ಮತ್ತು ಲೆವಿ-ಚಿವಿಟಾ ಇದನ್ನು 1900ರಲ್ಲಿ ಕ್ರಮಬದ್ಧವಾಗಿ ನಿರೂಪಿಸಿದರು.

1915ರಲ್ಲಿ ಐನ್‌ಸ್ಟೈನರು ತಮ್ಮ ಸಾರ್ವತ್ರಿಕ ಸಾಪೇಕ್ಷತಾವಾದವನ್ನು ಈ ಗಣಿತದಲ್ಲಿಯೇ ರಚಿಸಿದರು. ಪರಸ್ಪರ ಚಲಿಸುತ್ತಿರುವ ಇಬ್ಬರು ವೀಕ್ಷಕರು ಎರಡು ಘಟನೆಗಳ ನಡುವಣ ದೂರವನ್ನೂ ಕಾಲವನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಆದರೆ ಇವೆರಡನ್ನೂ ಸೇರಿಸಿ ಗಣಿಸಿದ ದೇಶಕಾಲದ ಅಂತರವು ಇಬ್ಬರಿಗೂ ಒಂದೇ.

ವಿದ್ಯುತ್ತಿನ ತಂತಿಗಳಿಗೂ ಇದಕ್ಕೂ ಏನು ಸಂಬಂಧ? ಹಂಗೆರಿ ಮೂಲದ ಗೇಬ್ರಿಯಲ್ ಕ್ರಾನ್ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದರು. ವಿದ್ಯುಜ್ಜಾಲಗಳಿಗೂ ಇದೇ ಗಣಿತವನ್ನು ಅನ್ವಯಿಸಬಹುದೆಂದು ಅವರು 1939ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಒಂದು ಉದಾಹರಣೆಯನ್ನು ನೋಡೋಣ. 8 ವೋಲ್ಟ್ ಬ್ಯಾಟರಿ ಮತ್ತು 2 ಓಮ್ ರೋಧವುಳ್ಳ ಒಂದು ಶಾಖೆ. 4 ವೋಲ್ಟ್ ಮತ್ತು 4 ಓಮ್ ಉಳ್ಳ ಇನ್ನೊಂದು. ಇವೆರಡನ್ನೂ ಸರಣಿಯಲ್ಲಿ ಜೋಡಿಸಿದರೆ ಎರಡರಲ್ಲಿಯೂ ಒಂದೇ ಪ್ರವಾಹ ಹರಿಯಬೇಕು. ಈ ನಿಯಮವನ್ನು (1, 1) ಎಂಬ ಪುಟ್ಟ ಕೋಷ್ಟಕವಾಗಿ ಬರೆಯಬಹುದು. ಹೊಸ ವೋಲ್ಟೇಜ್ 12, ಹೊಸ ರೋಧ 6 ಎಂಬುದು ಈ ಕೋಷ್ಟಕದಿಂದಲೇ ಹೊರಬರುತ್ತದೆ; ಪ್ರವಾಹ 2 ಆಂಪೇರ್. ಇಡೀ ಮಂಡಲದ ಸಾಮರ್ಥ್ಯ 12 × 2 = 24 ವಾಟ್. ಶಾಖೆಗಳನ್ನು ಬಿಡಿಬಿಡಿಯಾಗಿ ಲೆಕ್ಕಿಸಿದರೂ 8 ಮತ್ತು 16, ಒಟ್ಟು 24. ಲೆಕ್ಕದ ಮಾರ್ಗ ಬದಲಾದರೂ ಸಾಮರ್ಥ್ಯ ಬದಲಾಗಲಿಲ್ಲ. ಸಾಪೇಕ್ಷತೆಯಲ್ಲಿ ಅಂತರಕ್ಕಿರುವ ಸ್ಥಾನವೇ ಇಲ್ಲಿ ಸಾಮರ್ಥ್ಯಕ್ಕೆ. ಜಾಲವು ಎಷ್ಟು ದೊಡ್ಡದಾದರೂ ವಿಧಾನ ಇದೇ. ಕೋಷ್ಟಕ ಮಾತ್ರ ದೊಡ್ಡದು.

ಆದರೆ ವಾಚಕರು ಒಂದು ಭೇದವನ್ನು ಮರೆಯಬಾರದು. ಜೋಡಿಸುವ ಮುನ್ನ ಪ್ರತಿಯೊಂದು ಶಾಖೆಯ ತುದಿಗಳನ್ನು ಅದರಲ್ಲಿಯೇ ಕೂಡಿಸಿದ್ದರೆ ಪ್ರವಾಹಗಳು 4 ಮತ್ತು 1 ಆಂಪೇರ್. ಒಟ್ಟು ಸಾಮರ್ಥ್ಯ 36 ವಾಟ್! ವೀಕ್ಷಕನು ಬದಲಾದರೆ ಘಟನೆ ಬದಲಾಗದು. ತಂತಿಯ ಜೋಡಣೆ ಬದಲಾದರೆ ಮಂಡಲವೇ ಬೇರೆಯಾಗುತ್ತದೆ. ಆದುದರಿಂದ ಜೋಡಣೆಯನ್ನು ನಿಜವಾದ ನಿರ್ದೇಶಕ ಪರಿವರ್ತನೆಯೆಂದು ಕರೆಯಲಾಗದೆಂದು ಕ್ರಾನರ ಟೀಕಾಕಾರರು ಆಕ್ಷೇಪಿಸಿದರು. ಆಕ್ಷೇಪವು ಸಾಧುವಾದುದೇ. ಆದರೂ ವಿಧಾನವು ನಿರರ್ಥಕವಾಗಲಿಲ್ಲ. ಬೃಹತ್ ಜಾಲವನ್ನು ತುಂಡುಗಳಾಗಿ ಸೀಳಿ, ಬಿಡಿಯಾಗಿ ಬಿಡಿಸಿ, ಮತ್ತೆ ಕೂಡಿಸುವ ಕ್ರಮವನ್ನೂ ಕ್ರಾನರು ಮುಂದೆ ರೂಪಿಸಿದರು.

ಗುರುತ್ವಕ್ಕೂ ಬ್ಯಾಟರಿಗೂ ನಂಟಿದೆಯೆಂದು ಇದರಿಂದ ಭಾವಿಸಬೇಕಾಗಿಲ್ಲ. ಎರಡು ಮನೆಗಳಿಗೂ ಒಂದೇ ಏಣಿ ಹೊಂದಬಹುದು. ಅಷ್ಟರಿಂದ ಮನೆಗಳು ಒಂದಾಗುವುದಿಲ್ಲ.