ವಿಭಾಗದ ತವರುಮನೆ ಯಾವುದು?

ಸನ್ನಿವೇಲ್‌ನಲ್ಲಿ ಸಾಫ್ಟ್‌ವೇರ್ ಕೆಲಸದ ಜೊತೆಗೆ, ನಮ್ಮ ಕನ್ನಡ ಮನೆಗಳ ಹೈಸ್ಕೂಲು ಮಕ್ಕಳ ಪಕ್ಕ ಕೂತು ಕಾಲೇಜು ಅರ್ಜಿ ತುಂಬಿಸುವುದು ನನ್ನ ವಾಡಿಕೆ. ‘ಸಿ.ಎಸ್. ಸಿಕ್ಕರೆ ಸಾಕು ಅಂಕಲ್’ ಎಂದೇ ಎಲ್ಲರೂ ಶುರು ಮಾಡುತ್ತಾರೆ. ಆದರೆ ಪ್ರತಿ ಕಂಪ್ಯೂಟರ್ ಸೈನ್ಸ್ (ಸಿ.ಎಸ್.) ವಿಭಾಗಕ್ಕೂ ಅದು ಹುಟ್ಟಿ ಬೆಳೆದ ಒಂದು ತವರುಮನೆಯಿದೆ. ಅದು ತಿಳಿದರೆ ಅಲ್ಲಿನ ಪದವಿಯೂ ಅರ್ಥವಾಗುತ್ತದೆ.

1. ಗಣಿತಕ್ಕೆ ಹೆದರುವವರು ಮೊದಲೇ ವಿಚಾರಿಸಿ. ಸ್ಟ್ಯಾನ್‌ಫರ್ಡ್‌ನ ವಿಭಾಗ ಗಣಿತದವರ ಮಡಿಲಲ್ಲಿ ಬೆಳೆದದ್ದು. ಗಣಿತಜ್ಞ ಜಾರ್ಜ್ ಫೋರ್ಸೈತ್ ಅವರ ಮುಂದಾಳತ್ವದಲ್ಲಿ 1965ರಲ್ಲಿ ಬೇರೆಯಾಯಿತು. ಇವತ್ತಿಗೂ ಅಲ್ಲಿ ಪ್ರೋಗ್ರಾಮಿಂಗ್ ಜೊತೆ ತರ್ಕ, ಸಂಭವನೀಯತೆ ಕಡ್ಡಾಯ.

2. ಸಂಶೋಧನೆಯ ಬಾಗಿಲು ತಟ್ಟಿ. ಸ್ಟ್ಯಾನ್‌ಫರ್ಡ್‌ನ ಅದೇ ವಿಭಾಗದಲ್ಲಿ ಎಂ.ಎಸ್., ಪಿಎಚ್.ಡಿ. ಮೊದಲು ಬಂದವು, ಸ್ನಾತಕ ಪದವಿ ಬಂದದ್ದು 1986ರಲ್ಲಿ. ಸಂಶೋಧನೆಯಿಂದ ಬೆಳೆದ ಇಂಥ ಕಡೆ ಸೇರಿದ ಮಕ್ಕಳು ಬರೀ ಕ್ಲಾಸು, ಪರೀಕ್ಷೆ ಎಂದುಕೊಂಡರೆ ಅರ್ಧ ಓದು ಕೈತಪ್ಪುತ್ತದೆ. ಬೇಸಿಗೆಯಲ್ಲಿ ಪ್ರಾಧ್ಯಾಪಕರ ಲ್ಯಾಬಿನಲ್ಲಿ ದುಡಿಯಬೇಕು.

3. ಬಿ.ಎ. ಎಂದು ಕೇಳಿ ಗಾಬರಿ ಬೇಡ. ಬರ್ಕ್ಲಿಯಲ್ಲಿ ಹಿಂದೆ ಕಂಪ್ಯೂಟರ್‌ನವರು ಎರಡು ಕಡೆ ಇದ್ದರು: ಎಂಜಿನಿಯರಿಂಗ್‌ನಲ್ಲಿ ಕೆಲವರು, ಲೆಟರ್ಸ್ ಅಂಡ್ ಸೈನ್ಸ್ ಕಾಲೇಜಿನಲ್ಲಿ ಕೆಲವರು. 1973ರಲ್ಲಿ ಎರಡೂ ಗುಂಪು ಒಂದಾದವು, ಪದವಿಗಳು ಮಾತ್ರ ಎರಡಾಗಿಯೇ ಉಳಿದವು. ಎಂಜಿನಿಯರಿಂಗ್‌ನವರಿಗೆ ಬಿ.ಎಸ್., ಎಂಜಿನಿಯರಿಂಗ್ ಹೊರಗಿನ ಕಂಪ್ಯೂಟರ್ ಸೈನ್ಸ್‌ನವರಿಗೆ ಬಿ.ಎ. ಪ್ರೋಗ್ರಾಮಿಂಗ್‌ನ ಮೊದಲ ಕ್ಲಾಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಮೇಷ್ಟ್ರೂ ಅವರೇ, ಹೋಂವರ್ಕೂ ಅದೇ. ಊರಿನ ಬಿ.ಎ.ಗೆ ಹೋಲಿಸಿ ಮಕ್ಕಳ ಆಸೆ ಮುರಿಯಬೇಡಿ.

4. ಬೋರ್ಡು ಓದಿ ಸುಮ್ಮನಾಗದೆ ಕೋರ್ಸ್ ಪಟ್ಟಿ ಓದಿ. ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಇರುವುದು ವಿಜ್ಞಾನ ಕಾಲೇಜಿನಲ್ಲಿ. ಕಂಪ್ಯೂಟರ್ ಎಂಜಿನಿಯರಿಂಗ್, ಸಾಫ್ಟ್‌ವೇರ್ ಎಂಜಿನಿಯರಿಂಗ್ ಎರಡೂ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಕಂಪ್ಯೂಟರ್ ಎಂಜಿನಿಯರಿಂಗ್‌ನವರು ಸರ್ಕ್ಯೂಟ್ ಕಲಿಯಲೇಬೇಕು. ಹಾರ್ಡ್‌ವೇರ್ ಮುಟ್ಟುವ ಆಸೆಯಿದ್ದವರಿಗೆ ಅದು ವರ, ಇಲ್ಲದವರಿಗೆ ಹೊರೆ.

5. ಇಂಥ ವಿಭಾಗಗಳಿಗೆ ನೇರ ಸೀಟು ಸಿಗದಿದ್ದರೆ ಡಿ ಆನ್ಜಾವನ್ನು ಕಡೆಗಣಿಸಬೇಡಿ. ಕೂಪರ್ಟಿನೊದ ಈ ಕಮ್ಯುನಿಟಿ ಕಾಲೇಜು 1967ರದ್ದು. ಇಲ್ಲಿ ಎರಡು ವರ್ಷ ಓದಿ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರುವುದು ರಾಜಮಾರ್ಗವೇ. ಫೀಸಿನ ಹೊರೆಯೂ ಕಡಿಮೆ. ಯಾವ ಕೋರ್ಸಿಗೆ ಆ ವಿಶ್ವವಿದ್ಯಾಲಯದಲ್ಲಿ ಮಾನ್ಯತೆ ಸಿಗುತ್ತದೆಂದು ಮೊದಲ ಟರ್ಮಿಗೆ ಮುಂಚೆಯೇ ಕೌನ್ಸೆಲರ್ ಜೊತೆ ನೋಡಿಕೊಳ್ಳಿ.

6. ಕೆಲಸಕ್ಕೆ ಸೇರಿದ ಮೇಲೂ ಓದಬಹುದು. ಸುತ್ತಲ ಕಂಪನಿಗಳ ಎಂಜಿನಿಯರುಗಳು ನೌಕರಿ ಬಿಡದೆ ಎಂ.ಎಸ್. ಮಾಡಲೆಂದು ಸ್ಟ್ಯಾನ್‌ಫರ್ಡ್ 1950ರ ದಶಕದಲ್ಲೇ ಆನರ್ಸ್ ಕೋಆಪರೇಟಿವ್ ವ್ಯವಸ್ಥೆ ತಂದಿತು. ಹದಿನೇಳರ ವಯಸ್ಸಿನಲ್ಲಿ ತಪ್ಪಿದ ಸೀಟು ಕೊನೆಯ ಅವಕಾಶವಲ್ಲ. ಈ ಮಾತನ್ನು ಫಲಿತಾಂಶ ಬರುವ ಮೊದಲೇ ಮಕ್ಕಳಿಗೆ ಹೇಳಿಬಿಡಿ.