ಗ್ರ್ಯಾಂಡ್‌ಮಾಸ್ಟರ್‌ಗೂ ಕಣ್ಣು ತಪ್ಪುವುದೇಕೆ?

ಪ್ರಶ್ನೆ: ಗುಕೇಶ್ ವಿಶ್ವ ಚಾಂಪಿಯನ್ ಆದದ್ದು ಡಿಂಗ್ ಲಿರೆನ್ ಮಾಡಿದ ಒಂದೇ ಒಂದು ತಪ್ಪಿನಿಂದ ಎಂದು ಹೇಳುತ್ತಾರೆ. ಅಷ್ಟು ದೊಡ್ಡ ಆಟಗಾರರು ಕಲಿಯುವ ಮಕ್ಕಳಂತೆ ತಪ್ಪುವುದು ಹೇಗೆ? ಇದನ್ನು ತಡೆಯಲು ಏನಾದರೂ ಉಪಾಯ ಇದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಡಿಂಗ್ ಅವರದಕ್ಕಿಂತ ದೊಡ್ಡ ತಪ್ಪುಗಳೂ ಆಗಿಹೋಗಿವೆ. 2006ರ ನವೆಂಬರ್‌ನಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆಗಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ 'ಡೀಪ್ ಫ್ರಿಟ್ಸ್' ಎಂಬ ಕಂಪ್ಯೂಟರ್ ಪ್ರೋಗ್ರಾಮ್ ಎದುರು ಆಡುತ್ತಿದ್ದರು. ಎರಡನೇ ಪಂದ್ಯ, ಕ್ರಾಮ್ನಿಕ್‌ರದು ಕಪ್ಪು ಕಾಯಿ. ಆಟ ಅವರ ಹಿಡಿತದಲ್ಲೇ ಇತ್ತು. 34ನೇ ನಡೆಯಲ್ಲಿ ರಾಣಿಯನ್ನು ಇ3ಕ್ಕೆ ತಂದಿಟ್ಟರು, ಶಾಂತವಾಗಿ ಎದ್ದರು, ತಮ್ಮ ಲೋಟವನ್ನು ಕೈಗೆತ್ತಿಕೊಂಡು ವೇದಿಕೆಯಿಂದ ಹೊರಡುವುದರಲ್ಲಿದ್ದರು. ಕಂಪ್ಯೂಟರ್‌ನ ಮುಂದಿನ ನಡೆ: ರಾಣಿ ಎಚ್7ಕ್ಕೆ, ಚೆಕ್‌ಮೇಟ್. ಒಂದೇ ನಡೆಯ ಮೇಟ್! ರಾಜನನ್ನು ಪಕ್ಕದ ಮನೆಗೆ ಸರಿಸಿದ್ದರೆ ಸಾಕಿತ್ತು, ಆಟ ಡ್ರಾ ಆಗುತ್ತಿತ್ತು.

ಕ್ರಾಮ್ನಿಕ್‌ರಂಥವರಿಗೆ ಇದು ಕಾಣಲಿಲ್ಲವೆಂದರೆ ನಂಬುವುದು ಕಷ್ಟ. ಆದರೆ ಆ ಮೇಟ್‌ನ ರೂಪ ನೋಡಿ. ಎಚ್7ಕ್ಕೆ ನುಗ್ಗುವ ರಾಣಿಗೆ ಕುದುರೆಯ ಬೆಂಬಲ ಸಾಮಾನ್ಯವಾಗಿ ಜಿ5ರಿಂದಲೋ ಎಫ್6ರಿಂದಲೋ ಬರುತ್ತದೆ. ಅಂಥ ಮೇಟ್ ಆಗಿದ್ದರೆ ಕ್ರಾಮ್ನಿಕ್ ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದರು. ಇಲ್ಲಿ ಕುದುರೆ ನಿಂತಿದ್ದದ್ದು ಎಫ್8ರಲ್ಲಿ, ಹಿಂದಿನ ನಡೆಯಲ್ಲಷ್ಟೇ ಒಂದು ಕಾಯಿ ಹೊಡೆದು ಅಲ್ಲಿಗೆ ಬಂದಿತ್ತು. ಆ ಮನೆಯಿಂದ ಕುದುರೆ ರಾಣಿಗೆ ಬೆಂಬಲ ಕೊಡುವ ಚಿತ್ರ ಸಾವಿರಾರು ಆಟ ಆಡಿದವರ ನೆನಪಿನಲ್ಲೂ ಅಪರೂಪ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ದೊಡ್ಡ ಆಟಗಾರರು ಎಲ್ಲ ನಡೆಗಳನ್ನೂ ಲೆಕ್ಕ ಹಾಕುವುದಿಲ್ಲ. ಯಾವುದನ್ನು ನೋಡಬೇಕಾಗಿಲ್ಲ ಎಂಬುದು ಅವರಿಗೆ ಗೊತ್ತು, ಅವರ ಬಲ ಇರುವುದೇ ಅದರಲ್ಲಿ. ದಿನಾ ಓಡಾಡುವ ಮನೆಯ ಹೊಸ್ತಿಲನ್ನು ಯಾರೂ ನೋಡಿಕೊಂಡು ದಾಟುವುದಿಲ್ಲ. ನೋಡದೆ ದಾಟುವ ಆ ಅಭ್ಯಾಸವೇ ಎಂದೋ ಒಮ್ಮೆ ಎಡವಿಸುತ್ತದೆ. ಹೊಸಬರು ತಪ್ಪುವುದು ತಿಳಿಯದೆ, ಇವರು ತಪ್ಪುವುದು ತಿಳಿದದ್ದನ್ನು ನಂಬಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿ ಕಾಣುವುದಿಲ್ಲ.

ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ನಿಕೊಲಾಯ್ ಕ್ರೋಗಿಯಸ್ ಮನಶ್ಶಾಸ್ತ್ರಜ್ಞರೂ ಆಗಿದ್ದರು. ಇಂಥ ತಪ್ಪುಗಳಲ್ಲಿ ಅವರು ಮೂರು ಬಗೆ ಗುರುತಿಸಿದರು. ಕಾಯಿ ಜಾಗ ಬಿಟ್ಟ ಮೇಲೂ ಅದು ಅಲ್ಲೇ ಇದೆಯೆಂದು ಮನಸ್ಸು ಎಣಿಸುವುದು ಒಂದು. ಮುಂದೆ ಬರಬಹುದಾದ ಬೆದರಿಕೆ ಆಗಲೇ ಬಂದುಬಿಟ್ಟಿದೆಯೆಂದು ಭಾವಿಸಿ ಆಡುವುದು ಇನ್ನೊಂದು. ಮೂರನೆಯದು, ಆಟ ಆಗಲೇ ಮುಗಿದಂತೆ, ಇನ್ನೇನೂ ಆಗದು ಎಂದು ಮನಸ್ಸು ಸಡಿಲವಾಗುವುದು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಡಿಂಗ್ ಅವರಿಗೆ ಆದದ್ದು ಈ ಮೂರನೆಯದು ಎಂದು ನನ್ನ ಅನಿಸಿಕೆ. ಹದಿನಾಲ್ಕನೇ ಪಂದ್ಯ, ಅಂಕ 6.5–6.5. ಡ್ರಾ ಆದರೆ ಮರುದಿನ ಟೈಬ್ರೇಕ್. ಇಬ್ಬರ ಬಳಿಯೂ ಒಂದು ಆನೆ, ಒಂದು ಒಂಟೆ. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು, ಅಷ್ಟೇ. ಜಾಗ್ರತೆಯಿಂದ ಆಡಿದರೆ ಡ್ರಾ ಆಗುವ ಸ್ಥಿತಿ. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಆನೆಗೆ ಆನೆ ಕೊಟ್ಟು ಮುಗಿಸಲು ಹೊರಟರು. ಕಾಯಿ ಕಡಿಮೆಯಾದಷ್ಟೂ ಡ್ರಾ ಹತ್ತಿರ ಎಂಬುದು ಎಲ್ಲರೂ ಕಲಿತ ಪಾಠ. ಆದರೆ ಅವರ ಒಂಟೆ ಎ8ರ ಮೂಲೆಯಲ್ಲಿತ್ತು. ಮೂಲೆಯ ಒಂಟೆಗೆ ಇರುವುದು ಒಂದೇ ಓರೆದಾರಿ. ಆನೆಗಳು ಹೋದ ಮೇಲೆ ಗುಕೇಶ್ ತಮ್ಮ ಒಂಟೆಯನ್ನು ಡಿ5ಕ್ಕೆ ತಂದು ಆ ದಾರಿಗೇ ಅಡ್ಡ ಇಟ್ಟರು. ತಪ್ಪಿಸಿಕೊಳ್ಳಲು ಜಾಗವಿಲ್ಲ, ಒಂಟೆಗಳೂ ಅದಲುಬದಲಾಗಲೇಬೇಕು. ಉಳಿದದ್ದು ರಾಜರು ಮತ್ತು ಕಾಲಾಳುಗಳು ಮಾತ್ರ, ಅದರಲ್ಲಿ ಗುಕೇಶ್‌ಗೆ ಖಚಿತ ಗೆಲುವು. 58ನೇ ನಡೆಗೆ ಡಿಂಗ್ ಸೋಲೊಪ್ಪಿದರು.

ಇನ್ನೊಂದು ವಿಷಯ. ಆ ತಪ್ಪು ಗುಕೇಶ್‌ಗೂ ಕೂಡಲೇ ಹೊಳೆಯಲಿಲ್ಲ. ಬೇರೆಯೇ ನಡೆ ಆಡುವುದರಲ್ಲಿದ್ದೆ ಎಂದು ಆಮೇಲೆ ಅವರೇ ಹೇಳಿದರು. ಹದಿನೆಂಟರ ಆ ಹುಡುಗ ಕೈ ತಡೆದು ಇನ್ನೊಮ್ಮೆ ನೋಡಿದ. ಚಾಂಪಿಯನ್ ಪಟ್ಟ 'ಪುಕ್ಕಟೆ ಸಿಕ್ಕಿತು' ಎನ್ನುವವರು ಈ ಇನ್ನೊಮ್ಮೆ ನೋಡಿದ್ದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಂಟೆಗಟ್ಟಲೆ ಡ್ರಾಗೆ ಒಪ್ಪದೆ ಎದುರಾಳಿಯ ಮೇಲೆ ಒತ್ತಡ ಹೇರುತ್ತಾ ಕೂತದ್ದನ್ನೂ.

ಕೈ ತಡೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವಿಶ್ವನಾಥನ್ ಆನಂದ್ ಅವರ 2014ರ ಸೋಚಿ ಪಂದ್ಯವಿದೆ. ಆರನೇ ಆಟ, ಅಂಕ ಸಮಸಮ. 26ನೇ ನಡೆಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ರಾಜನನ್ನು ಡಿ2ಕ್ಕೆ ಇಟ್ಟರು. ಇಟ್ಟ ಕೂಡಲೇ ತಪ್ಪು ಅರಿವಾಯಿತು: ಆನಂದ್ ಕುದುರೆಯಿಂದ ಇ5ರ ಕಾಲಾಳನ್ನು ಹೊಡೆದರೆ ಮುಂದೆ ಚೆಕ್ ಸಮೇತ ಇನ್ನೊಂದೂ ಹೋಗುತ್ತದೆ. ಆನಂದ್ ತಮ್ಮದೇ ಯೋಜನೆಯಲ್ಲಿ ಮುಳುಗಿದ್ದರು. ಸುಮಾರು ಒಂದು ನಿಮಿಷದಲ್ಲಿ ಎ ಸಾಲಿನ ಕಾಲಾಳನ್ನು ಒಂದು ಮನೆ ಮುಂದಕ್ಕೆ ತಳ್ಳಿದರು. ತಳ್ಳಿದ ಮೇಲೆ ಕಂಡಿತು. ಕಾರ್ಲ್‌ಸನ್ ಮೇಜಿನ ಮೇಲೆ ತಲೆಯಿಟ್ಟರು. ಆ ಆಘಾತದಿಂದ ಚೇತರಿಸಿಕೊಳ್ಳಲಾಗದೆ ಆನಂದ್ ಆಟ ಸೋತರು, ಕೊನೆಗೆ ಪಟ್ಟವೂ 6.5–4.5ರಲ್ಲಿ ಕಾರ್ಲ್‌ಸನ್ ಬಳಿಯೇ ಉಳಿಯಿತು. ನಿರೀಕ್ಷೆಯೇ ಇಲ್ಲದಾಗ ಬಂದ ಉಡುಗೊರೆಯನ್ನು ತೆಗೆದುಕೊಳ್ಳುವುದು ಹೊಳೆಯುವುದಿಲ್ಲ ಎಂಬರ್ಥದ ಮಾತನ್ನು ಆನಂದ್ ಅಂದು ಆಡಿದರು. ಆ ಸೋಲು ಇವತ್ತಿಗೂ ನನಗೆ ನೋವಿನದೇ.

ಉಪಾಯ ಕೇಳಿದ್ದೀರಿ. ಬೆಂಜಮಿನ್ ಬ್ಲುಮೆನ್‌ಫೆಲ್ಡ್ ಎಂಬ ಸೋವಿಯತ್ ಮಾಸ್ಟರ್ ಒಂದು ಕ್ರಮ ಹೇಳಿಕೊಟ್ಟಿದ್ದರು: ಯೋಚಿಸಿ ಮುಗಿಸಿದ ಮೇಲೆ ಕಾಯಿ ಮುಟ್ಟಬೇಡಿ, ಮೊದಲು ನಡೆಯನ್ನು ಹಾಳೆಯಲ್ಲಿ ಬರೆಯಿರಿ, ಆಮೇಲೆ ಬೋರ್ಡನ್ನು ಹೊಸಬರ ಕಣ್ಣಿನಿಂದ ನೋಡಿ. ಮೇಟ್ ಆಗುತ್ತದೆಯೇ? ರಾಣಿ ಹೋಗುತ್ತದೆಯೇ? ಎಷ್ಟೋ ಆಟಗಾರರು ಇದನ್ನು ಪಾಲಿಸಿದರು. ಈಗ ಫಿಡೆ ನಿಯಮದಂತೆ ಡ್ರಾ ಕೇಳುವ ಸಂದರ್ಭ ಬಿಟ್ಟರೆ ಆಡುವ ಮೊದಲು ಬರೆಯುವಂತಿಲ್ಲ. ಪ್ರಶ್ನೆಗಳನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು.

ಕಲಿಯುವ ಮಕ್ಕಳು ಮನೆಯಲ್ಲಿದ್ದರೆ 1892ರ ಹವಾನಾ ವಿಶ್ವ ಚಾಂಪಿಯನ್‌ಷಿಪ್‌ನ 23ನೇ ಆಟವನ್ನು ಬೋರ್ಡಿನ ಮೇಲೆ ಆಡಿ ತೋರಿಸಿ. ಆಡುತ್ತಿದ್ದವರು ಸ್ಟೈನಿಟ್ಸ್ ಮತ್ತು ಚಿಗೋರಿನ್. ಅಲ್ಲಿಯವರೆಗೆ ಸ್ಟೈನಿಟ್ಸ್‌ಗೆ 9 ಗೆಲುವು, ಚಿಗೋರಿನ್‌ಗೆ 8. ಚಿಗೋರಿನ್ ಬಳಿ ಒಂದು ಕಾಯಿ ಹೆಚ್ಚಿತ್ತು, ಗೆದ್ದರೆ ಸಮ. ಡಿ6ರಲ್ಲಿದ್ದ ಅವರ ಒಂಟೆ ದೂರದಿಂದ ಎಚ್2ರ ಕಾಲಾಳನ್ನು ಕಾಯುತ್ತಿತ್ತು. 32ನೇ ನಡೆಯಲ್ಲಿ ಅದೇ ಒಂಟೆಯನ್ನು ಎತ್ತಿ ಬಿ4ಕ್ಕೆ ಇಟ್ಟರು. ಸ್ಟೈನಿಟ್ಸ್‌ರ ಆನೆ ಎಚ್2ಕ್ಕೆ ಹೊಡೆಯಿತು, ಮುಂದಿನ ನಡೆಗೆ ಮೇಟ್. ಬೋರ್ಡನ್ನು 31ನೇ ನಡೆಗೆ ನಿಲ್ಲಿಸಿ, ಆ ಒಂಟೆ ಅಲ್ಲಿ ಏನು ಮಾಡುತ್ತಿದೆ ಎಂದು ಮಕ್ಕಳನ್ನೇ ಕೇಳಿ.